ತಲೆ ಸವೆದ ಒಂದು ಬೋಲ್ಟು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನೆ ರಾತ್ರಿ ಟಿವಿಯಲ್ಲಿ ಹಬಲ್ ಬಾಹ್ಯಾಕಾಶ ದೂರದರ್ಶಕದ ರಿಪೇರಿಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಬಂತು. ಮುಗಿಯುವ ಹೊತ್ತಿಗೆ ಹನ್ನೊಂದೂವರೆ. ಮಲಗಿದರೂ ನಿದ್ದೆ ಹತ್ತಲಿಲ್ಲ. ನಿನಗೆ ಫೋನ್ ಮಾಡೋಣವೆಂದರೆ ಅವೇಳೆ, ಅಲ್ಲದೆ ಇದು ಫೋನಿನಲ್ಲಿ ಹೇಳಿ ಮುಗಿಸುವ ಮಾತೂ ಅಲ್ಲ. ಬೆಳಿಗ್ಗೆ ಎದ್ದವನೇ ಬರೆಯಲು ಕೂತಿದ್ದೇನೆ.

ನಿಮ್ಮ ಅಪ್ಪ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಗಡಿಯಾರ ಬಿಚ್ಚುತ್ತಿದ್ದುದು ನೆನಪಿದೆಯಾ? ನಾವಿಬ್ಬರೂ ಮೇಜಿನಂಚಿಗೆ ಗಲ್ಲ ಊರಿ ನೋಡುತ್ತಿದ್ದೆವು. ಜೋರಾಗಿ ಉಸಿರು ಬಿಟ್ಟರೂ ಗದರುತ್ತಿದ್ದರು. ತೆಗೆದ ಒಂದೊಂದು ಸ್ಕ್ರೂವನ್ನೂ ತೆಗೆದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದರು. ಒಮ್ಮೆ ಒಂದು ಸ್ಕ್ರೂ ನೆಲಕ್ಕೆ ಬಿದ್ದು, ಮೂವರೂ ಟಾರ್ಚು ಹಿಡಿದು, ಅಂಗೈಯಲ್ಲಿ ನೆಲ ಸವರುತ್ತ ಇಡೀ ಮಧ್ಯಾಹ್ನ ಕಳೆದೆವು. ನಿನ್ನೆ ಟಿವಿ ಮುಂದೆ ಕೂತಿದ್ದಷ್ಟು ಹೊತ್ತೂ ಆ ಬಿಳಿ ಬಟ್ಟೆಯೇ ಕಣ್ಣಿಗೆ ಕಟ್ಟಿತ್ತು. ಯಾಕೆಂದು ಮುಂದೆ ಹೇಳುತ್ತೇನೆ.

ಹಬಲ್ ಮೇಲೆ ಹೋದದ್ದು 1990ರ ಏಪ್ರಿಲ್‌ನಲ್ಲಿ, ಡಿಸ್ಕವರಿ ನೌಕೆಯಲ್ಲಿ. ಬಸ್ಸಿನಷ್ಟು ಉದ್ದದ ದೂರದರ್ಶಕ, ಒಳಗೆ 2.4 ಮೀಟರ್ ಅಗಲದ ಕನ್ನಡಿ. ಕೆಲವೇ ವಾರಗಳಲ್ಲಿ ಚಿತ್ರಗಳು ಮಂಜುಮಂಜಾಗಿವೆ ಎಂದು ಗೊತ್ತಾಯಿತು. ಕನ್ನಡಿಯ ಅಂಚು ಇರಬೇಕಾದದ್ದಕ್ಕಿಂತ ತುಸು ಹೆಚ್ಚು ಚಪ್ಪಟೆ. ತುಸು ಎಂದರೆ 2.2 ಮೈಕ್ರಾನ್, ಕೂದಲೆಳೆಯನ್ನು ಐವತ್ತು ಸೀಳು ಮಾಡಿದರೆ ಒಂದು ಸೀಳಿನಷ್ಟು. ಕನ್ನಡಿ ಉಜ್ಜಿದವರ ಕೈ ತಪ್ಪಿರಲಿಲ್ಲ. ಉಜ್ಜಿದ್ದು ಸರಿಯಾಗಿದೆಯೇ ಎಂದು ಅಳೆಯುವ ಸಾಧನದಲ್ಲಿ ಒಂದು ಮಸೂರ ತನ್ನ ಜಾಗದಿಂದ 1.3 ಮಿಲಿಮೀಟರ್ ಸರಿದು ಕೂತಿತ್ತು. ತಪ್ಪು ಅಳತೆಗೆ ಸರಿಯಾಗಿ, ಅತ್ಯಂತ ನಿಖರವಾಗಿ, ತಪ್ಪು ಕನ್ನಡಿ ತಯಾರಾಯಿತು. ಬೇರೆ ಸಾಧನಗಳಿಂದ ನಡೆಸಿದ ಪರೀಕ್ಷೆಗಳು ದೋಷ ಇದೆಯೆಂದು ತೋರಿಸಿದ್ದವಂತೆ. ಆದರೆ ಆ ಸಾಧನಗಳು ಇದರಷ್ಟು ನಿಖರವಲ್ಲವೆಂದು ಅವನ್ನು ಪಕ್ಕಕ್ಕಿಟ್ಟರು. ಇಡೀ ಕಥೆಯಲ್ಲಿ ನನಗೆ ತುಂಬ ನೋವಾದದ್ದು ಇಲ್ಲಿಯೇ. ಎಚ್ಚರಿಕೆ ಬಂದಿತ್ತು, ಕೇಳಿಸಿಕೊಳ್ಳಲಿಲ್ಲ.

ಕನ್ನಡಿಯನ್ನಂತೂ ಬದಲಿಸುವ ಹಾಗಿಲ್ಲ. ಹಾಗಾಗಿ ದೂರದರ್ಶಕಕ್ಕೇ ಕನ್ನಡಕ ಹಾಕುವುದೆಂದಾಯಿತು. ಕನ್ನಡಿಯಿಂದ ಬರುವ ಬೆಳಕನ್ನು ನಾಣ್ಯದಷ್ಟು ಚಿಕ್ಕ ಕನ್ನಡಿಗಳಿಂದ ತಿದ್ದಿ ಉಪಕರಣಗಳಿಗೆ ಕಳಿಸಬೇಕು. ಸರಿ, ಆ ಪುಟ್ಟ ಕನ್ನಡಿಗಳನ್ನು ಒಳಗೆ ಅಷ್ಟು ಇಕ್ಕಟ್ಟಿನಲ್ಲಿ ನಿಲ್ಲಿಸುವುದು ಹೇಗೆ? ಜಿಮ್ ಕ್ರಾಕರ್ ಎಂಬ ಎಂಜಿನಿಯರ್ ಜರ್ಮನಿಯ ಹೋಟೆಲೊಂದರಲ್ಲಿ ಸ್ನಾನಕ್ಕೆ ನಿಂತಿದ್ದಾಗ, ಕಂಬಿಯುದ್ದಕ್ಕೂ ಮೇಲೆ ಕೆಳಗೆ ಜಾರಿಸಿ ಬೇಕಾದತ್ತ ತಿರುಗಿಸಬಹುದಾದ ಶವರ್ ಕಂಡು ಉಪಾಯ ಹೊಳೆಯಿತಂತೆ. ಮಡಚಿಟ್ಟ ತೋಳುಗಳು ಒಳಗೆ ಹೋದಮೇಲೆ ಚಾಚಿಕೊಂಡು ಕನ್ನಡಿಗಳನ್ನು ಹಿಡಿದು ನಿಲ್ಲುವುದು. ಇದನ್ನೆಲ್ಲ ಒಳಗಿಟ್ಟುಕೊಂಡ ಕಾಸ್ಟಾರ್ ಎಂಬ ಪೆಟ್ಟಿಗೆ ಟೆಲಿಫೋನ್ ಬೂತಿನಷ್ಟು ದೊಡ್ಡದು.

1993ರ ಡಿಸೆಂಬರ್‌ನಲ್ಲಿ ಎಂಡೆವರ್ ನೌಕೆಯಲ್ಲಿ ಅದನ್ನೂ ಹೊಸ ಕ್ಯಾಮೆರಾವನ್ನೂ ಹೊತ್ತು ಏಳು ಮಂದಿ ಹೋದರು. ಐದು ಬಾಹ್ಯಾಕಾಶ ನಡಿಗೆಗಳು. ಮೊದಲ ದಿನವೇ ಗೈರೊಸ್ಕೋಪ್ (ದೂರದರ್ಶಕ ಎತ್ತ ಎಷ್ಟು ತಿರುಗಿತೆಂದು ಅಳೆಯುವ ಸಾಧನ) ಬದಲಿಸಿ ಬಾಗಿಲು ಮುಚ್ಚಲು ಹೋದರೆ ಬಾಗಿಲು ಕೂರುತ್ತಿಲ್ಲ! ಸ್ಟೋರಿ ಮಸ್‌ಗ್ರೇವ್ ಮತ್ತು ಜೆಫ್ರಿ ಹಾಫ್‌ಮನ್ ಕೊನೆಗೆ ಬಾಗಿಲ ಹಿಡಿಗಳಿಗೆ ಪಟ್ಟಿ ಬಿಗಿದು, ಮೆಲ್ಲಗೆ ಎಳೆಯುತ್ತ ಎಳೆಯುತ್ತ ಮುಚ್ಚಿದರು. ಲಾರಿಯ ಮೇಲಿನ ಹೊರೆಗೆ ಹಗ್ಗ ಬಿಗಿಯುವ ಹಾಗೆಯೇ. ಮರುದಿನ ಕ್ಯಾಥರಿನ್ ಥಾರ್ನ್‌ಟನ್ ನೌಕೆಯ ಯಾಂತ್ರಿಕ ತೋಳಿನ ತುದಿಯಲ್ಲಿ ನಿಂತು, ಸೊಟ್ಟಗಾಗಿದ್ದ ಹಳೆಯ ಸೌರಫಲಕವನ್ನು ಎರಡೂ ಕೈಯಲ್ಲಿ ಹಿಡಿದು ಕಾದಳು. ನೌಕೆ ಭೂಮಿಯ ನೆರಳಿನಿಂದ ಹೊರಬಂದು ಬೆಳಕಾದೊಡನೆ ಕೈಬಿಟ್ಟಳು, ಅಷ್ಟೇ. ನೌಕೆ ಹಿಂದೆ ಸರಿಯಲು ಉರಿಸಿದ ಪುಟ್ಟ ಎಂಜಿನುಗಳ ಅನಿಲ ತಾಕಿ ಆ ಫಲಕ ರೆಕ್ಕೆ ಬಡಿಯುತ್ತ ಹೋಯಿತು. ನಿಜವಾಗಿ ದೊಡ್ಡ ಹಕ್ಕಿಯೇ. ಇದನ್ನು ನೋಡುವುದಕ್ಕಾದರೂ ನೀನು ಆ ಸಾಕ್ಷ್ಯಚಿತ್ರ ನೋಡಬೇಕು.

ಮುಂದಿನ ತಿಂಗಳೇ ತಿಳಿಯಾದ ಚಿತ್ರಗಳು ಬಂದವು. ಮತ್ತೆ 1997, 1999, 2002ರಲ್ಲಿ ರಿಪೇರಿಗೆ ಹೋಗಿ ಬಂದರು. ಅದನ್ನೆಲ್ಲ ಬಿಟ್ಟು ನನ್ನ ನಿದ್ದೆ ಕೆಡಿಸಿದ ಭಾಗಕ್ಕೆ ಬರುತ್ತೇನೆ.

2003ರ ಫೆಬ್ರುವರಿ 1 ನಿನಗೂ ಮರೆತಿರಲಾರದು. ಕಲ್ಪನಾ ಚಾವ್ಲಾ ಮತ್ತು ಜೊತೆಯ ಆರು ಮಂದಿ ಕೊಲಂಬಿಯಾ ನೌಕೆಯೊಂದಿಗೆ ಇಲ್ಲವಾದ ದಿನ. ಅದರ ಹಿಂದಿನ ಹಾರಾಟದಲ್ಲಿ ಹಬಲ್ ರಿಪೇರಿ ಮಾಡಿ ಬಂದದ್ದು ಇದೇ ಕೊಲಂಬಿಯಾ ಎಂಬುದು ನನಗೆ ನಿನ್ನೆಯವರೆಗೂ ಗೊತ್ತಿರಲಿಲ್ಲ. ದುರಂತದ ಬಳಿಕ, 2004ರ ಜನವರಿಯಲ್ಲಿ, ಇನ್ನು ಹಬಲ್‌ಗೆ ಯಾರನ್ನೂ ಕಳಿಸುವುದಿಲ್ಲ ಎಂದು ನಾಸಾ ಹೇಳಿಬಿಟ್ಟಿತು. ಕಾರಣವೂ ಸುಳ್ಳಲ್ಲ. ಹಬಲ್ ಸುತ್ತುವ ಕಕ್ಷೆಯೇ ಬೇರೆ, ಅಲ್ಲಿ ನೌಕೆಗೆ ಏಟು ಬಿದ್ದರೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಜೀವ ಉಳಿಸಿಕೊಳ್ಳಲು ಸಾಧ್ಯವಿಲ್ಲ. ಹಬಲ್ ಮೇಲೆ ಎಷ್ಟು ಪ್ರೀತಿಯಿದ್ದರೂ ಆ ನಿರ್ಧಾರವನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. 2006ರಲ್ಲಿ ನಾಸಾ ಮನಸ್ಸು ಬದಲಿಸಿತು, ಒಂದು ಏರ್ಪಾಟಿನೊಂದಿಗೆ: 2009ರ ಮೇ 11ರಂದು ಅಟ್ಲಾಂಟಿಸ್ ಹೊರಟಾಗ ಪಕ್ಕದ ಉಡಾವಣಾ ಕಟ್ಟೆಯ ಮೇಲೆ ಎಂಡೆವರ್ ಸಜ್ಜಾಗಿ ನಿಂತಿತ್ತು, ಏನಾದರೂ ಆದರೆ ಹೋಗಿ ಕರೆತರಲು.

ಈ ಸಲದ ಪಟ್ಟಿಯಲ್ಲಿ ಹಿಂದೆಂದೂ ಮಾಡದ ಒಂದು ಕೆಲಸ ಇತ್ತು. ಅದುವರೆಗೆ ಹಬಲ್ ರಿಪೇರಿ ಎಂದರೆ ಹಳೇ ಪೆಟ್ಟಿಗೆ ಎಳೆದು ಹೊಸ ಪೆಟ್ಟಿಗೆ ತಳ್ಳುವುದು. ಕಟ್ಟಿದವರು ಮುಂದೆ ಕೈಗಳು ಬರುತ್ತವೆ ಎಂದು ಮೊದಲೇ ಯೋಚಿಸಿ ಬಾಗಿಲು, ಕೈಗಂಬಿ, ದೊಡ್ಡ ಬೋಲ್ಟುಗಳನ್ನು ಇಟ್ಟಿದ್ದರು. ಆದರೆ ಈಗ ಎರಡು ಉಪಕರಣಗಳನ್ನು ಅಲ್ಲೇ ಬಿಚ್ಚಿ, ಒಳಗಿನ ಸುಟ್ಟ ಬೋರ್ಡು ಬದಲಿಸಬೇಕಿತ್ತು. ಬಾಹ್ಯಾಕಾಶದಲ್ಲಿ ಬಿಚ್ಚಲೆಂದು ಮಾಡಿದ ಉಪಕರಣಗಳೇ ಅಲ್ಲ ಅವು. ಅದರಲ್ಲೊಂದು ಸ್ಟಿಸ್, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ಓದುವ ರೋಹಿತದರ್ಶಕ. ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹಕ್ಕೂ ವಾತಾವರಣವಿದೆ, ಅದರಲ್ಲಿ ಸೋಡಿಯಂ ಇದೆ ಎಂದು 2001ರಲ್ಲಿ ಮೊದಲ ಬಾರಿ ಕಂಡುಕೊಂಡದ್ದು ಇದರಿಂದಲೇ. 2004ರಲ್ಲಿ ಅದರ ವಿದ್ಯುತ್ ಪೂರೈಕೆ ಕೆಟ್ಟು ಸುಮ್ಮನಾಗಿತ್ತು.

ಬೋರ್ಡಿನ ಮೇಲೊಂದು ಮುಚ್ಚಳ. ಮುಚ್ಚಳಕ್ಕೆ ನೂರಕ್ಕೂ ಹೆಚ್ಚು ಸಣ್ಣ ಸ್ಕ್ರೂ. ಉಬ್ಬಿದ ದಪ್ಪ ಕೈಗವಸಿನಲ್ಲಿ ಅಷ್ಟನ್ನೂ ತೆಗೆಯಬೇಕು, ಒಂದೂ ತೇಲಿಹೋಗಿ ದೂರದರ್ಶಕದೊಳಕ್ಕೆ ಸೇರಬಾರದು. ಅದಕ್ಕೇ ಒಂದು ತಟ್ಟೆ ಮಾಡಿಸಿದ್ದರು. ಪ್ರತಿ ಸ್ಕ್ರೂವಿನ ಮೇಲೂ ಒಂದು ಚಿಕ್ಕ ತೂತು ಬರುವಂತೆ ಆ ತಟ್ಟೆಯನ್ನು ಮುಚ್ಚಳದ ಮೇಲೆ ಕೂರಿಸುವುದು. ತೂತಿನೊಳಗೆ ಸ್ಕ್ರೂಡ್ರೈವರಿನ ಮೂತಿ ಹೋಗುತ್ತದೆ, ಸ್ಕ್ರೂ ಹೊರಬರುವುದಿಲ್ಲ. ಕಳಚಿದ ಸ್ಕ್ರೂ ತಟ್ಟೆಯ ಕೆಳಗೇ ಸಿಕ್ಕಿಕೊಂಡಿರುತ್ತದೆ. ನಿಮ್ಮ ಅಪ್ಪನ ಬಿಳಿ ಬಟ್ಟೆ ನೆನಪಾದದ್ದು ಇದನ್ನು ನೋಡಿ!

ಮೇ 17, ಭಾನುವಾರ. ಮೈಕ್ ಮಾಸಿಮಿನೊ ಮತ್ತು ಮೈಕೆಲ್ ಗುಡ್ ಹೊರಬಂದರು. ತಟ್ಟೆ ಕೂರಿಸಲು ಅಡ್ಡವಿದ್ದ ಕೈಗಂಬಿಯೊಂದನ್ನು ಮೊದಲು ತೆಗೆಯಬೇಕು. ನಾಲ್ಕೇ ನಾಲ್ಕು ಬೋಲ್ಟು. ಇಡೀ ದಿನದ ಅತಿ ಸುಲಭದ ಕೆಲಸ. ಮೂರು ಬಂದವು. ನಾಲ್ಕನೆಯದರ ಮೇಲೆ ಉಪಕರಣ ತಿರುಗುತ್ತಿದೆ, ಬೋಲ್ಟು ತಿರುಗುತ್ತಿಲ್ಲ. ತಲೆ ಸವೆದುಹೋಗಿದೆ.

ಬೋಲ್ಟಿನ ತಲೆ ಸವೆದಾಗ ಕೈಗೆ ಗೊತ್ತಾಗುವ ಆ ಸಡಿಲ ನಿನಗೂ ಗೊತ್ತು. ಹಿಡಿತ ಇದ್ದಕ್ಕಿದ್ದಂತೆ ಜಾರಿ, ಎದೆ ಒಮ್ಮೆ ಧಸಕ್ಕೆನ್ನುತ್ತದೆ. ನಾವಾದರೆ ಮನೆಯಲ್ಲಿರುತ್ತೇವೆ. ಮಾಸಿಮಿನೊ ಭೂಮಿಯಿಂದ 500 ಕಿಲೋಮೀಟರಿಗೂ ಎತ್ತರದಲ್ಲಿದ್ದ, ಜಗತ್ತಿಗೆಲ್ಲ ಇರುವ ಒಂದೇ ಒಂದು ಹಬಲ್‌ನ ಮುಂದೆ. ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿ ಅಭ್ಯಾಸ ಮಾಡಿದ್ದೆಲ್ಲ ಆ ನೂರು ಸ್ಕ್ರೂಗಳಿಗಾಗಿ. ಈ ದಪ್ಪ ಬೋಲ್ಟು ಕೈಕೊಡುತ್ತದೆಂದು ಯಾರೂ ಎಣಿಸಿರಲಿಲ್ಲ. ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುವಾಗ ಹಗಲೂ ರಾತ್ರಿಯೂ ಸರಸರ ಬಂದುಹೋಗುತ್ತಿರುತ್ತವೆ. ಆತ ಬೇರೆ ಬೇರೆ ಉಪಕರಣ ತಂದು ನೋಡಿದ, ಬೋಲ್ಟು ಜಪ್ಪಯ್ಯ ಎನ್ನಲಿಲ್ಲ.

ಆ ಹೊತ್ತಿನಲ್ಲಿ ಕೆಳಗೆ, ಮೇರಿಲ್ಯಾಂಡ್‌ನ ಗೊಡಾರ್ಡ್ ಕೇಂದ್ರದಲ್ಲಿ, ಎಂಜಿನಿಯರುಗಳು ಅಂಥದ್ದೇ ಕೈಗಂಬಿಯೊಂದನ್ನು ಹುಡುಕಿ ಹಿಡಿದು, ಒಂದೇ ಬೋಲ್ಟಿನ ಮೇಲೆ ನಿಲ್ಲಿಸಿ, ಎಳೆತ ಅಳೆಯುವ ತಕ್ಕಡಿ ಕಟ್ಟಿ ಎಳೆದು ನೋಡಿದರು. ಸುಮಾರು 60 ಪೌಂಡ್ ಬಲಕ್ಕೆ ಕಿತ್ತುಬಂತು. ಮೇಲಕ್ಕೆ ಸಂದೇಶ ಹೋಯಿತು: ಟೇಪು ಸುತ್ತಿಕೋ, ಎಳೆದು ಕಿತ್ತುಬಿಡು. ಟೇಪು ಯಾಕೆಂದರೆ ಮುರಿದ ಚೂರು ಹಾರಿದರೆ ದೂರದರ್ಶಕಕ್ಕೂ ಅಪಾಯ, ಆತನ ಉಡುಪಿಗೂ ಅಪಾಯ. ಆತ ಟೇಪು ಸುತ್ತಿದ, ಕಂಬಿ ಹಿಡಿದು ಹಿಂದೆಮುಂದೆ ಅಲ್ಲಾಡಿಸಿದ, ಎಳೆದ. ಬಂತು.

ನಾನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದೆ.

ನಂತರವೂ ಸಲೀಸಾಗಲಿಲ್ಲ. ವಿದ್ಯುತ್ ಸ್ಕ್ರೂಡ್ರೈವರಿನ ಬ್ಯಾಟರಿ ಸತ್ತಿತು, ಬದಲಿ ತರಬೇಕಾಯಿತು. ಆಮೇಲೆ ಒಂದೊಂದೇ ಸ್ಕ್ರೂ, ಅವಸರವಿಲ್ಲದೆ. ಹಳೆಯ ಬೋರ್ಡು ತೆಗೆದು ಹೊಸದು ಹಾಕಿ ಒಳಗೆ ಬರುವಾಗ ಎಂಟು ಗಂಟೆ ದಾಟಿತ್ತು. ಸ್ಟಿಸ್ ಮತ್ತೆ ಕಣ್ಣು ತೆರೆಯಿತು.

ಅದಕ್ಕೆ ಮೂರು ದಿನ ಮೊದಲು ಇನ್ನೊಂದು ಬೋಲ್ಟು ಕಾಡಿತ್ತು. 1993ರಲ್ಲಿ ಕೂರಿಸಿದ ಅದೇ ಕ್ಯಾಮೆರಾವನ್ನು ಹೊರತೆಗೆಯಬೇಕು, ಹದಿನೈದು ವರ್ಷ ಕಳೆದ ಬೋಲ್ಟು ಜಗ್ಗುತ್ತಿಲ್ಲ. ಅದು ಮುರಿದರೆ ಹಳೆಯದು ಅಲ್ಲೇ ಉಳಿಯುತ್ತದೆ, ಹೊಸದಕ್ಕೆ ಜಾಗವಿಲ್ಲ. ಆಂಡ್ರ್ಯೂ ಫ್ಯೂಸ್ಟೆಲ್ ಕೈಯಂದಾಜಿನಲ್ಲೇ ಬಲ ಹಾಕಿ ಅದನ್ನು ಬಿಡಿಸಿದ. ಅಷ್ಟೆಲ್ಲ ಲೆಕ್ಕ, ಅಷ್ಟೆಲ್ಲ ಯಂತ್ರ, ಕಡೆಗೆ ಎರಡೂ ದಿನ ಕೆಲಸ ನಿಂತದ್ದು ಒಬ್ಬನ ಮಣಿಕಟ್ಟಿನ ಮೇಲೆ. ಆ ಮಣಿಕಟ್ಟಿಗೆ ಎಷ್ಟು ಬಲ ಹಾಕಬಹುದೆಂದು ಲೆಕ್ಕ ಕೊಡಲು ಕೆಳಗೆ ನೂರಾರು ಮಂದಿ ಎದ್ದು ಕೂತಿದ್ದರು. ನನಗೆ ಗ್ಯಾಲಕ್ಸಿಗಳ ಚಿತ್ರಕ್ಕಿಂತ ಇದೇ ಹೆಚ್ಚು ಸುಂದರವಾಗಿ ಕಾಣಿಸಿತು. ನಿನಗೆ ಅತಿಯೆನಿಸಬಹುದು, ಆದರೂ ನಿಜ ಹೇಳುತ್ತಿದ್ದೇನೆ.

ಸ್ಟಿಸ್‌ಗೆ ಹಾಕಿದ ಹೊಸ ಮುಚ್ಚಳದಲ್ಲಿ ಆ ನೂರು ಸ್ಕ್ರೂ ಇಲ್ಲ. ಎರಡು ಹಿಡಿಗಳನ್ನು ತಿರುಗಿಸಿದರೆ ಮುಚ್ಚಿಕೊಳ್ಳುತ್ತದೆ. ಇನ್ನೊಮ್ಮೆ ಯಾರಾದರೂ ಹೋದರೆ ಕ್ಷಣದ ಕೆಲಸ. ಆದರೆ ಆಮೇಲೆ ಯಾರೂ ಹೋಗಿಲ್ಲ. 2011ರಲ್ಲಿ ಆ ನೌಕೆಗಳ ಹಾರಾಟವೇ ನಿಂತಿತು. 2024ರಿಂದ ಹಬಲ್ ಒಂದೇ ಗೈರೊಸ್ಕೋಪ್ ನೆಚ್ಚಿಕೊಂಡು ಕೆಲಸ ಮಾಡುತ್ತಿದೆ.

ಮರುಪ್ರಸಾರ ಇದ್ದರೆ ತಿಳಿಸುತ್ತೇನೆ, ತಪ್ಪದೆ ನೋಡು. ನಿಮ್ಮ ಅಪ್ಪನ ಆ ಪುಟ್ಟ ಸ್ಕ್ರೂಡ್ರೈವರುಗಳ ಡಬ್ಬಿ ಇನ್ನೂ ನಿನ್ನ ಹತ್ತಿರ ಇದೆಯಾ? ಇದ್ದರೆ ಮುಂದಿನ ಸಲ ಬಂದಾಗ ತೆಗೆದು ತೋರಿಸು. ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸುತ್ತಿದೆ.

ನಿನ್ನ ಗೆಳೆಯ