ಗೆಳೆಯನಿಗೊಂದು ಪತ್ರ: ದಿವ್ಯಾಂಗ ಬೇಡ, ಬಹುವಚನ ಸಾಕು

ಗೆಳೆಯಾ,

ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನಕ್ಕೆ ನಿಮ್ಮ ಶಾಲೆಯಲ್ಲಿ ಕಾರ್ಯಕ್ರಮ ಇಟ್ಟುಕೊಂಡಿದ್ದೀರಿ, ಬ್ಯಾನರ್‌ನಲ್ಲಿ ಅಂಗವಿಕಲ ಅಂತ ಹಾಕಿದರೆ ಯಾರಿಗಾದರೂ ಬೇಜಾರಾಗುತ್ತಾ, ವಿಕಲಚೇತನ ಸರೀನಾ, ದಿವ್ಯಾಂಗ ಅಂದರೆ ಇನ್ನೂ ಜಾಸ್ತಿ ಗೌರವಾನಾ ಅಂತ ಕೇಳಿದ್ದೀಯ. ನೀನು ಕೇಳಿದ್ದೇ ನನಗೆ ಖುಷಿ. ನೇರವಾಗಿ ಹೇಳಿಬಿಡುತ್ತೇನೆ. ಅಂಗವಿಕಲ ವ್ಯಕ್ತಿಗಳು ಅಂತ ಹಾಕು. ದಿವ್ಯಾಂಗ ಮಾತ್ರ ಬೇಡ.

ಆ ಪದವನ್ನು ಪ್ರಧಾನಿಯವರು 2015ರ ಡಿಸೆಂಬರ್‌ನಲ್ಲಿ ರೇಡಿಯೊ ಮಾತಿನಲ್ಲಿ ಹೇಳಿದರು. ಮರುವರ್ಷ ಕೇಂದ್ರದ ಇಲಾಖೆಯ ಹಿಂದಿ ಹೆಸರಿಗೂ ಅದೇ ಬಂತು. ನಮ್ಮವರ ಸಂಘಟನೆಗಳು ಆಗಲೇ ಬೇಡ ಅಂತ ಪತ್ರ ಬರೆದವು. ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಆಯಿತು, ನಿನಗೆ ಗೊತ್ತಲ್ಲ. ಕಾಲಿಗೆ ಆಧಾರ ಕೊಡುವ ಕ್ಯಾಲಿಪರ್ ಹಾಕಿಕೊಂಡೇ ನಡೆಯುತ್ತೇನೆ, ಮಳೆಗಾಲದಲ್ಲಿ ಪಟ್ಟಿ ಒದ್ದೆಯಾಗಿ ಚರ್ಮ ಸುಲಿಯುತ್ತೆ. ಇದರಲ್ಲಿ ದಿವ್ಯವಾದದ್ದು ಏನಿದೆ? ಕಾಲನ್ನೇ ದೇವರ ವರ ಅಂತ ಮಾಡಿಬಿಟ್ಟರೆ, ಕಚೇರಿ ಮೂರನೇ ಮಹಡಿಯಲ್ಲಿದೆ, ಲಿಫ್ಟ್ ಯಾಕಿಲ್ಲ ಅಂತ ನಾನು ಯಾರನ್ನು ಕೇಳಲಿ?

ವಿಕಲಚೇತನ ಅನ್ನೋದು ನಮ್ಮ ರಾಜ್ಯದ ಇಲಾಖೆಯ ಹೆಸರಲ್ಲೇ ಇದೆ, ಪಂಚಾಯಿತಿಯಲ್ಲೂ ಅದನ್ನೇ ಹೇಳುತ್ತಾರೆ. ಅದೇ ಇಷ್ಟ ಅನ್ನುವ ಗೆಳೆಯರು ನನಗಿದ್ದಾರೆ, ಅವರ ಜೊತೆ ಜಗಳ ಇಲ್ಲ. ನನಗೆ ಮಾತ್ರ ಒಗ್ಗುವುದಿಲ್ಲ. ಊನ ಇರುವುದು ಕಾಲಿಗೆ, ಚೇತನಕ್ಕಲ್ಲ. ಕಿವುಡರಲ್ಲಿ ಬಹಳಷ್ಟು ಜನ ಇದಕ್ಕೂ ಮುಂದೆ ಹೋಗುತ್ತಾರೆ. ಶ್ರವಣದೋಷ ಅನ್ನಬೇಡಿ, ನಮ್ಮಲ್ಲಿ ದೋಷ ಇಲ್ಲ, ನಾವು ಕಿವುಡರು, ನಮಗೆ ನಮ್ಮದೇ ಭಾಷೆ ಇದೆ ಅನ್ನುತ್ತಾರೆ. ಸನ್ನೆ ಭಾಷೆಗೆ ಅದರದೇ ವ್ಯಾಕರಣ ಇದೆ, ಅದು ಸುಮ್ನೆ ಕೈ ಆಡಿಸುವುದಲ್ಲ. ಹಾಗಾಗಿ ಮೂಗ ಅನ್ನೋ ಮಾತು ಅವಮಾನ ಅಷ್ಟೇ ಅಲ್ಲ, ಸುಳ್ಳು ಕೂಡ. ಅದಕ್ಕೇ ಯಾರನ್ನು ಏನಂತ ಕರೆಯಬೇಕು ಅನ್ನೋದನ್ನ ಅವರನ್ನೇ ಕೇಳಿಬಿಡುವುದು ಒಳ್ಳೆಯದು.

ಆದರೆ ಗೆಳೆಯಾ, ನಿಜವಾಗಿ ನೋವಾಗುವುದು ಬ್ಯಾನರ್ ಪದದಿಂದ ಅಲ್ಲ. ಏಕವಚನದಿಂದ. ಮೈಕ್ ಹಿಡಿದಾಗ ದಿವ್ಯಾಂಗ ಬಂಧುಗಳೇ ಅನ್ನುತ್ತಾರೆ, ಮೈಕ್ ಇಟ್ಟ ಕೂಡಲೇ "ಏ, ಇವನನ್ನ ಆ ಕಡೆ ಕೂರಿಸ್ರೋ" ಅನ್ನುತ್ತಾರೆ. ಹೆಂಡತಿ ಮಕ್ಕಳಿರುವ, ನಲವತ್ತು ದಾಟಿದ ಮನುಷ್ಯನಿಗೆ "ಬಾರಪ್ಪ, ಕೂತ್ಕೋ". ಆಸ್ಪತ್ರೆಗೆ ಹೋದರೆ ಎದುರಿಗೆ ನಾನೇ ನಿಂತಿದ್ದರೂ "ಇವನಿಗೆ ಏನಾಗ್ತಿದೆಯಂತೆ?" ಅಂತ ಜೊತೆಯಲ್ಲಿ ಬಂದ ತಮ್ಮನನ್ನು ಕೇಳುತ್ತಾರೆ. ತಮ್ಮನಿಗೆ ಬಹುವಚನ, ನನಗೆ ಏಕವಚನ!

ಇನ್ನು ಊರ ಕಡೆ ಹೆಸರಿಗೆ ಮುಂಚೆ ಕುಂಟ, ಕುರುಡ ಅಂತ ಅಂಟಿಸುವುದು. ಪ್ರೀತಿಯಿಂದ ಕರೀತೀವಿ ಅನ್ನುತ್ತಾರೆ. ಆಮೇಲೆ ಅವನ ಮನೆ ಕುಂಟನ ಮನೆ ಆಗುತ್ತೆ, ಶಾಲೆಗೆ ಹೋಗುವ ಅವನ ಮಗಳು ಕುಂಟನ ಮಗಳು ಆಗುತ್ತಾಳೆ. ಆ ಮಗು ಏನು ಮಾಡಿತ್ತು? 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 92ನೇ ಸೆಕ್ಷನ್ ಪ್ರಕಾರ ಅಂಗವಿಕಲ ವ್ಯಕ್ತಿಯನ್ನು ನಾಲ್ಕು ಜನರ ಎದುರು ಬೇಕೆಂದೇ ಅವಮಾನಿಸಿದರೆ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಭಾಷಣಗಳಲ್ಲಿ ಇಂಥ ಪದ ಬಳಸಬೇಡಿ ಅಂತ ಚುನಾವಣಾ ಆಯೋಗವೂ 2023ರಲ್ಲಿ ಪಕ್ಷಗಳಿಗೆ ಹೇಳಿತು. ಆದರೆ ಬೀದಿಯಲ್ಲಿ ಕೂಗುವವರ ಮೇಲೆ ಕೇಸು ಹಾಕಿಕೊಂಡು ಯಾರು ಓಡಾಡುತ್ತಾರೆ ಹೇಳು. ನಿನ್ನಂಥ ಮೇಷ್ಟ್ರು ತರಗತಿಯಲ್ಲೇ ತಡೆಯಬೇಕು.

ಗದಗದ ಪುಟ್ಟರಾಜ ಗವಾಯಿಗಳಿಗೂ ಕಣ್ಣು ಕಾಣುತ್ತಿರಲಿಲ್ಲ. ಆದರೆ ಉತ್ತರ ಕರ್ನಾಟಕದ ತುಂಬಾ ಅವರು ಅಜ್ಜಾರು. ಅದೇ ಜನ ಬಸ್‌ಸ್ಟ್ಯಾಂಡಿನಲ್ಲಿ ಬಿಳಿ ಕೋಲು ಹಿಡಿದು ನಿಂತವನಿಗೆ "ಏ ಕುರುಡ, ಸರಿ ಆ ಕಡೆ" ಅನ್ನುತ್ತಾರೆ. ಮರ್ಯಾದೆ ಕೊಡೋಕೆ ನಮಗೆ ಬರುತ್ತೆ ಅಂತಾಯ್ತು. ದೊಡ್ಡ ಹೆಸರು ಮಾಡಿದವರಿಗೆ ಮಾತ್ರ ಎತ್ತಿಟ್ಟುಕೊಂಡಿದ್ದೇವೆ.

ಹೊಗಳುವಾಗಲೂ ಸ್ವಲ್ಪ ನೋಡಿಕೋ. ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಎತ್ತರ ಜಿಗಿತದಲ್ಲಿ 1.74 ಮೀಟರ್ ಹಾರಿ ಬೆಳ್ಳಿ ಗೆದ್ದರು. ಅವರ ಬಗ್ಗೆ ಮಕ್ಕಳಿಗೆ ಹೇಳುವಾಗ ಆ ಜಿಗಿತದ ಬಗ್ಗೆ ಹೇಳು, ಅಭ್ಯಾಸದ ಬಗ್ಗೆ ಹೇಳು. "ವಿಧಿಯನ್ನು ಮೆಟ್ಟಿ ನಿಂತ", "ಅಂಗವೈಕಲ್ಯದಿಂದ ಬಳಲುತ್ತಿದ್ದರೂ" ಅಂತ ಶುರು ಮಾಡಬೇಡ. 'ಬಳಲುವವರು', 'ಬಲಿಪಶು' ಥರದ ಮಾತು ಬೇಡ ಅಂತ ಸುಪ್ರೀಂ ಕೋರ್ಟ್ ಕೂಡ 2024ರ ಜುಲೈ ತೀರ್ಪಿನಲ್ಲಿ ಹೇಳಿದೆ. ನಾನು ಬಳಲುತ್ತಿಲ್ಲ ಕಣೋ. ಕೆಲಸಕ್ಕೆ ಹೋಗ್ತೀನಿ, ಇಎಂಐ ಕಟ್ತೀನಿ, ನಿನ್ನ ಜೊತೆ ಕ್ರಿಕೆಟ್ ವಿಷಯಕ್ಕೆ ಜಗಳ ಆಡ್ತೀನಿ.

ಇನ್ನೊಂದು ವಿಷಯ. ಸನ್ಮಾನಕ್ಕೆ ಅಂತ ಕರೆದು ಶಾಲು ಹೊದಿಸಿ ಫೋಟೊ ತೆಗೆಸಿ ಕಳಿಸಬೇಡಿ, ಅವರಿಗೂ ಮಾತಾಡಲು ಮೈಕ್ ಕೊಡಿ. ಕಿವುಡರು ಬರುವುದಾದರೆ ಸನ್ನೆ ಭಾಷೆಯಲ್ಲಿ ಹೇಳುವವರನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ವೀಲ್‌ಚೇರ್‌ನಲ್ಲಿ ಬರುವವರನ್ನು ನಾಲ್ಕು ಜನ ಸೇರಿ ವೇದಿಕೆಗೆ ಎತ್ತಿಕೊಂಡು ಹೋಗುವುದಂತೂ ಬೇಡವೇ ಬೇಡ, ಎಲ್ಲರೆದುರು ಹಾಗೆ ಎತ್ತಿಸಿಕೊಳ್ಳುವುದು ಎಷ್ಟು ಮುಜುಗರ ಅಂತ ನಿನಗೆ ಹೇಳಬೇಕಿಲ್ಲ. ಹಲಗೆಯ ಇಳಿಜಾರು ಮಾಡಿಸಿ. ಲೆಕ್ಕ ಸುಲಭ, 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ನಿಮ್ಮ ವೇದಿಕೆ ಎರಡು ಅಡಿ ಇದ್ದರೆ 24 ಅಡಿ ಆಗುತ್ತೆ, ಜಾಗ ಸಾಲದಿದ್ದರೆ ಎಲ್ಲರೂ ನೆಲದ ಮೇಲೆ ಕುರ್ಚಿ ಹಾಕಿಕೊಂಡೇ ಕೂರಿ. ಬಡಗಿಗೆ ಈ ವಾರವೇ ಹೇಳಿಬಿಡು.

ನಿನ್ನ ಗೆಳೆಯ