ದೋಸ್ತ, ಆಲಂಪುರಕ್ಕೆ ಹೋಗಿ ಬಂದೆ

ದೋಸ್ತ,

ವಾಟ್ಸಾಪ್‌ನಲ್ಲಿ ಬರೆದರೆ ಹೆಬ್ಬೆರಳು ಒತ್ತಿ ಸುಮ್ಮನಾಗುತ್ತೀಯ. ಅದಕ್ಕೇ ಇಲ್ಲಿ, ಎಲ್ಲರ ಮುಂದೆ ಬರೆಯುತ್ತಿದ್ದೇನೆ. ಈಗ ತಪ್ಪಿಸಿಕೋ ನೋಡೋಣ.

ಆಲಂಪುರ ಇರೋದು ತೆಲಂಗಾಣದಲ್ಲಿ, ತುಂಗಭದ್ರೆಯ ದಂಡೆಗೆ. ಆದರೂ ಪರವೂರು ಅನ್ನಿಸಲಿಲ್ಲ. ಅಲ್ಲಿನ ನವಬ್ರಹ್ಮ ಗುಡಿಗಳು ನಮ್ಮ ಬಾದಾಮಿ ಚಾಲುಕ್ಯರ ಕಾಲದವು. ಹೆಚ್ಚಿನವಕ್ಕೆ ಉತ್ತರದ ಕಡೆಯ ಬಾಗು ಶಿಖರ, ನೆತ್ತಿಯ ಮೇಲೆ ನೆಲ್ಲಿಕಾಯಿಯ ಹಾಗೆ ಗೀರುಗೀರಾದ ದುಂಡುಗಲ್ಲು. ಪಟ್ಟದಕಲ್ಲಿನ ಗಳಗನಾಥ ಗುಡಿಯ ಅಣ್ಣತಮ್ಮಂದಿರು ಅಂತಲೇ ಹೇಳಬೇಕು. ನಮ್ಮ ಶಾಲೆಯ ಗಡಿಯಾರ ಮಾಸ್ತರ್ ಇದ್ದಿದ್ದರೆ ನಮ್ಮನ್ನು ಅಲ್ಲೇ ಸಾಲಾಗಿ ನಿಲ್ಲಿಸುತ್ತಿದ್ದರು.

ಗಳಗನಾಥನ ಅಂಗಳದಲ್ಲೇ ಇರುವ ವಿರೂಪಾಕ್ಷ ನೋಡು, ಪೂರಾ ದಕ್ಷಿಣದ್ದು. ಚಾಲುಕ್ಯರ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ. ಅಲ್ಲಿನ ಕೈಲಾಸನಾಥ ಗುಡಿಯ ಸಂಪತ್ತು ಮುಟ್ಟದೆ, ಕಂಬದ ಮೇಲೆ ಕನ್ನಡದಲ್ಲಿ ಬರೆಸಿ ಬಂದ. ಆ ಗೆಲುವಿನ ನೆನಪಿಗೆ ರಾಣಿ ಲೋಕಮಹಾದೇವಿ 740ರ ಸುಮಾರಿಗೆ ಇದನ್ನು ಕಟ್ಟಿಸಿದಳು. ಮುಂದೆ ರಾಷ್ಟ್ರಕೂಟರು ಎಲ್ಲೋರದಲ್ಲಿ ಕೈಲಾಸ ಕೊರೆಸಿದ್ದು ಇದನ್ನೇ ನೋಡಿ ಅಂತಾರೆ. ಆ ಕಾಲದ ಗುಡಿಗಳಿಗೆ ಕಾಲಿದ್ದವು ಕಣೋ.

ಇಷ್ಟೇ ಬರೆದು ಮುಗಿಸಬೇಕೆಂದಿದ್ದೆ. ಆದರೆ ಆಲಂಪುರದಲ್ಲೊಂದು ಸಂಗಮೇಶ್ವರ ಗುಡಿ ಇದೆ. ಅದೂ ಚಾಲುಕ್ಯರದ್ದೇ. ಮೊದಲು ಕೂಡವೆಲ್ಲಿಯಲ್ಲಿ, ತುಂಗಭದ್ರೆ ಕೃಷ್ಣೆಗೆ ಸೇರುವ ಕಡೆ ಇತ್ತು. ಶ್ರೀಶೈಲ ಡ್ಯಾಮಿನ ಹಿನ್ನೀರಿಗೆ ಸಿಗಬಾರದೆಂದು ಬಿಚ್ಚಿ ತಂದು ಆಲಂಪುರದಲ್ಲಿ ಮತ್ತೆ ಕಟ್ಟಿದ್ದಾರೆ. ಗೋಡೆಯ ಸಂದುಗಳ ಮೇಲೆ ಬೆರಳಾಡಿಸುತ್ತಾ ನಿಂತೆ. ಒಮ್ಮೆಲೇ ಹೊಟ್ಟೆ ಉರಿಯಿತು.

ನಮ್ಮ ಹಳೇ ಬಾಗಲಕೋಟೆಗೆ ಬಂದದ್ದೂ ಹಿನ್ನೀರೇ ಅಲ್ವಾ? ಅದೇ ಕೃಷ್ಣೆ, ಆಲಮಟ್ಟಿಯದು. ನಮ್ಮ ಓಣಿಗೆ ಪರಿಹಾರದ ಚೆಕ್ ಬಂತು. ಅಪ್ಪ ತಲೆಬಾಗಿಲೊಂದನ್ನು ಕಿತ್ತು ತಂದಿದ್ದ. ನವನಗರದ ಮನೆಗೆ ಅದು ಕೂಡಲಿಲ್ಲ. ಮಾಳಿಗೆ ಮೇಲೆ ಒರಗಿಸಿಟ್ಟು, ಮಳೆಗಾಲ ಬಂದರೆ ತಾಡಪತ್ರಿ ಹೊದಿಸುತ್ತಿದ್ದ. ಈಗ ನಾನು ಹೊದಿಸುತ್ತೇನೆ. ಮಾರಿಬಿಡಿ ಅಂತಾಳೆ ಹೆಂಡತಿ. ಗಿರಾಕಿ ಸಿಕ್ಕಿಲ್ಲ ಅಂತೇನೆ. ಗಿರಾಕಿ ಬಂದು ಹೋಗಿದ್ದಾನೆ, ಅವನಿಗೆ ಗೆದ್ದಲು ಹತ್ತಿದೆ ಅಂತ ಸುಳ್ಳು ಹೇಳಿ ಕಳಿಸಿದ್ದೇನೆ. ಒಬ್ಬನೇ ಇದ್ದಾಗ ಅದರ ಚಿಲಕ ಬಡಿದು ನೋಡುತ್ತೇನೆ. ಯಾರು ತೆಗೀಬೇಕು ಅಂತಲೋ!

ಸಾಕು, ಜಾಸ್ತಿ ಆಯ್ತು. ಅಲ್ಲಿ ಯಾರೋ ಅಜ್ಜಿ, ನಾನು ಭಕ್ತಿಯಿಂದ ಕಣ್ಣೀರು ಹಾಕುತ್ತಿದ್ದೇನೆಂದು ತಿಳಿದು ಹಣೆಗೆ ವಿಭೂತಿ ಹಚ್ಚಿದಳು. ದೇವರ ಮೇಲೇ ಹೊಟ್ಟೆಕಿಚ್ಚು ಪಡುತ್ತಿದ್ದವನಿಗೆ!

ಬರುವಾಗ ಅಮೀನಗಡದಲ್ಲಿ ಇಳಿದು ನಿನಗೂ ಕರದಂಟು ತಗೊಂಡಿದ್ದೆ. ಊರು ಮುಟ್ಟುವಷ್ಟರಲ್ಲಿ ನಿನ್ನ ಪಾಲೂ ನಾನೇ ತಿಂದೆ.

ನಿನ್ನ
ದೋಸ್ತ