ಪಕ್ಕದಲ್ಲಿ ಒಬ್ಬರು ನಿಂತಿರುವ ಫೋಟೋ ಹಾಕಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಥೇಟ್ ಮನುಷ್ಯರಂತೆಯೇ ಕಾಣುವ ಪ್ರತಿಮೆ ಮಾಡುವ ಶಿಲ್ಪಿ ರಾನ್ ಮ್ಯೂಕ್ ಬಗ್ಗೆ ಲೇಖನ ಹಾಕಿದ್ದೀರಿ. ಓದಿ ಖುಷಿಯಾಯಿತು. ನಮ್ಮ ಸಾಗರದ ಕಡೆ ಇಂಥವರ ಹೆಸರು ಕಿವಿಗೆ ಬೀಳುವುದೇ ಅಪರೂಪ. ಆದರೆ ‘ಜೀವ ಒಂದು ಬಾಕಿ’ ಅಂತ ತಲೆಬರಹ ಕೊಟ್ಟು, ಅವರ ‘ಡೆಡ್ ಡ್ಯಾಡ್’ ಶಿಲ್ಪವೊಂದೇ ಕಾಣುವಂತೆ ಫೋಟೋವನ್ನು ಕತ್ತರಿಸಿ ಹಾಕಿದ್ದೀರಲ್ಲ, ನನ್ನ ತಕರಾರು ಅಲ್ಲಿದೆ.

ಮ್ಯೂಕ್ ಅವರ ಗುಟ್ಟೆಲ್ಲ ಇರುವುದು ಅಳತೆಯಲ್ಲಿ. ಮನುಷ್ಯನನ್ನು ಇದ್ದಷ್ಟೇ ಎತ್ತರಕ್ಕೆ ಮಾಡುವುದರಲ್ಲಿ ಅವರಿಗೆ ಆಸಕ್ತಿ ಇಲ್ಲ. ಒಂದೋ ಹಿಗ್ಗಿಸುತ್ತಾರೆ, ಇಲ್ಲ ಕುಗ್ಗಿಸುತ್ತಾರೆ. 1999ರಲ್ಲಿ ಮಾಡಿದ ‘ಬಾಯ್’ ಕುಕ್ಕರುಗಾಲಲ್ಲಿ ಕೂತ ಹುಡುಗ. ಕೂತೇ ಸುಮಾರು 5 ಮೀಟರ್ ಎತ್ತರ! 1997ರಲ್ಲಿ ಲಂಡನ್ನಿನ ‘ಸೆನ್ಸೇಷನ್’ ಪ್ರದರ್ಶನದಲ್ಲಿ ಅವರಿಗೆ ಹೆಸರು ತಂದ ‘ಡೆಡ್ ಡ್ಯಾಡ್’ ಇದಕ್ಕೆ ಉಲ್ಟಾ. ತೀರಿಹೋದ ಅಪ್ಪ ಬತ್ತಲೆಯಾಗಿ, ಅಂಗಾತ ಮಲಗಿದ್ದಾನೆ. ತಲೆಗೂದಲು ಮಗ ಮ್ಯೂಕ್ ಅವರದ್ದೇ. ಉದ್ದ 102 ಸೆಂಟಿಮೀಟರ್, ಅಂದರೆ ಎರಡು ಮೊಳಕ್ಕಿಂತ ಚೂರು ಜಾಸ್ತಿ. ನೀವು ಹಾಕಿದ ಫೋಟೋ ನೋಡಿದವರಿಗೆ ಅದು ಐದೂವರೆ ಅಡಿಯ ಹೆಣ ಅಂತಲೇ ಅನ್ನಿಸುತ್ತದೆ.

ನಾನೂ ಆ ಶಿಲ್ಪವನ್ನು ಕಣ್ಣಾರೆ ಕಂಡವನಲ್ಲ. ಆದರೆ ನಮ್ಮ ಅಪ್ಪಯ್ಯನನ್ನು ಜಗಲಿಯಲ್ಲಿ ಮಲಗಿಸಿದ್ದ ಬೆಳಿಗ್ಗೆ ಚೆನ್ನಾಗಿ ನೆನಪಿದೆ. ಅರವತ್ತು ದಾಟಿದರೂ ಅಡಿಕೆ ಮರ ಹತ್ತಿ ಕೊನೆ ತೆಗೆಯುತ್ತಿದ್ದ ಆಳು. ಆವತ್ತು ಚಾಪೆಯಲ್ಲಿ ಇನ್ನೂ ಎಷ್ಟೋ ಜಾಗ ಉಳಿದಿತ್ತು. “ಅಪ್ಪಯ್ಯ ಇಷ್ಟೇ ಇದ್ನಾ?” ಅಂತ ತಂಗಿ ಮೆಲ್ಲಗೆ ಕೇಳಿದಳು. ಯಾರೂ ಉತ್ತರ ಕೊಡಲಿಲ್ಲ. ಎಷ್ಟೋ ವರ್ಷದ ಮೇಲೆ ಒಂದು ಪುಸ್ತಕದಲ್ಲಿ ಈ ಶಿಲ್ಪದ ಪಕ್ಕ ಒಬ್ಬ ಹೆಂಗಸು ನಿಂತಿರುವ ಫೋಟೋ ನೋಡಿದೆ. ಅವಳ ಕಾಲಬುಡದಲ್ಲಿ ಆ ಅಪ್ಪ. ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತೆ.

ಲೇಖನದಲ್ಲಿ ‘ಮೇಣದ ಪ್ರತಿಮೆ’ ಅಂತಲೂ ಇದೆ. ಮೇಣ ಅಲ್ಲ ಸ್ವಾಮಿ. ಮೊದಲು ಜೇಡಿಮಣ್ಣಿನಲ್ಲಿ ಕೈಯಾರೆ ತಿದ್ದುತ್ತಾರೆ. ಅದಕ್ಕೆ ಅಚ್ಚು ತೆಗೆದು ಫೈಬರ್‌ಗ್ಲಾಸೋ ಸಿಲಿಕೋನೋ ಎರೆಯುತ್ತಾರೆ. ಆಮೇಲೆ ಬಣ್ಣ, ನರ, ಕೂದಲು. ಕೂದಲನ್ನು ಒಂದೊಂದಾಗಿ ನೆಡಬೇಕು. ಗದ್ದೆಯಲ್ಲಿ ನಟ್ಟಿಗೆ ಇಳಿದವರಿಗೆ ಆ ಸೊಂಟನೋವು ಗೊತ್ತು! 2023ರ ಹೊತ್ತಿಗೂ ಅವರ ಒಟ್ಟು ಶಿಲ್ಪಗಳು 50 ದಾಟಿರಲಿಲ್ಲ. ಮೆಲ್ಬರ್ನ್‌ನಲ್ಲಿ ಆಟಿಕೆ ಮಾಡುವವರ ಮನೆಯಲ್ಲಿ ಹುಟ್ಟಿ, ಮಕ್ಕಳ ಟೀವಿಗೆ ಗೊಂಬೆ ಮಾಡುತ್ತಾ ಕೈ ಪಳಗಿಸಿಕೊಂಡವರು.

ನಿಮ್ಮ ತಲೆಬರಹ ಅಮೆರಿಕದ ಶಿಲ್ಪಿ ಡ್ವೇನ್ ಹ್ಯಾನ್ಸನ್ ಅವರಿಗಾದರೆ ಒಪ್ಪುತ್ತಿತ್ತು. ಅವರು ಬದುಕಿರುವವರ ಮೈಮೇಲೇ ಅಚ್ಚು ತೆಗೆದು, ಆಳೆತ್ತರಕ್ಕೇ ಎರೆದು, ನಿಜವಾದ ಬಟ್ಟೆ ತೊಡಿಸುತ್ತಿದ್ದರು.

ಈ ಅಳತೆಯ ಆಟ ನಮ್ಮೂರಿಗೇನೂ ಹೊಸದಲ್ಲ. ಇಕ್ಕೇರಿಗೆ ಬಂದವರು ಅಘೋರೇಶ್ವರ ದೇವಸ್ಥಾನದ ಮುಂದಿನ ದೊಡ್ಡ ನಂದಿಯ ಹತ್ತಿರ ಸೆಲ್ಫಿ ತೆಗೆದುಕೊಳ್ಳುತ್ತಾರೆ. ದೇವರೆದುರು ನೆಲದ ಕಲ್ಲಿನಲ್ಲಿ ಅಡ್ಡಬಿದ್ದಿರುವ ಕೆಳದಿ ಅರಸರನ್ನು ನೋಡದೆಯೇ ದಾಟಿ ಹೋಗುತ್ತಾರೆ. ನಾಡು ಆಳಿದವರು, ಅಲ್ಲಿ ಅಷ್ಟೇ ಅಷ್ಟು. ಡ್ರಾಯಿಂಗ್ ಮೇಷ್ಟ್ರಾಗಿದ್ದಾಗ ಮಕ್ಕಳನ್ನು ಕರೆದುಕೊಂಡು ಹೋದರೆ ನೆಲದ ಮೇಲೆ ಕೂರಿಸಿಯೇ ತೋರಿಸುತ್ತಿದ್ದೆ. ನಿಂತು ನೋಡಿದರೆ ಕಾಣುವುದಿಲ್ಲ, ಅಲ್ವಾ?

ಮುಂದಿನ ಸಲ ಇಂಥ ಲೇಖನ ಹಾಕುವಾಗ ಶಿಲ್ಪದ ಪಕ್ಕ ಯಾರಾದರೂ ನಿಂತಿರುವ ಫೋಟೋ ಆರಿಸಿ. ಸಿಗದಿದ್ದರೆ ಉದ್ದ ಎಷ್ಟು, ಎತ್ತರ ಎಷ್ಟು ಅಂತ ಕೆಳಗೊಂದು ಸಾಲು ಹಾಕಿ. ಅಡಿ, ಇಂಚಿನಲ್ಲಿದ್ದರೂ ಪರವಾಗಿಲ್ಲ.

– ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಸಾಗರ, ಶಿವಮೊಗ್ಗ ಜಿಲ್ಲೆ